ಪಾವಣೆ ಮೂರು ಕುದುರೆಗಳ ಯಜಮಾನ

ನನಗೆ ಕುದುರೆ ಹತ್ತಲು ಬರುವುದಿಲ್ಲ. ಕತ್ತೆಯ ಮೇಲೆ ಕೂರಿಸಿ ಮೆರೆಸುವಂಥ ತಪ್ಪನ್ನೂ ಮಾಡಿದವನಲ್ಲ. ಆದರೂ ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳಲ್ಲಿ, ಸುರಪುರದ ಶಾಲೆಯಲ್ಲಿ ಹಿಸಾಬು ಕಲಿಸುತ್ತಿದ್ದ ನಾನು ಪಾವಣೆ ಮೂರು ಕುದುರೆಗಳ ಯಜಮಾನನಾಗಿದ್ದೆ.

ಅದೊಂದು ಮೋಟಾರ್ ಸೈಕಲ್ಲು. ಈಗಿನ ಗಾಡಿಗಳಿಗೆ ಕಾಡಿನ ಮೃಗಗಳ ಹೆಸರೆಲ್ಲ ಇಡುತ್ತಾರೆ. ಅಂದಿನ ಕಂಪನಿಗಳಿಗೆ ಅಷ್ಟು ಚಪಲವಿರಲಿಲ್ಲ. ಎಂಜಿನ್ನಿಗೆ ಎಷ್ಟು ಕುದುರೆ ಶಕ್ತಿಯೋ ಅದೇ ಅದರ ಹೆಸರು: ಎರಡು ಮುಕ್ಕಾಲು, ಮೂರೂವರೆ, ನಾಲ್ಕು. ಹೆಸರಿನಲ್ಲೇ ಜಾತಕ. ನನ್ನದು ಎರಡು ಮುಕ್ಕಾಲು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿಯದು. ಯಾರೋ ಸಾಹೇಬರು ಊರು ಬಿಡುವಾಗ ಮಾರಿದ್ದು.

ಆದರೆ ನಮ್ಮ ಸೀಮೆಯಲ್ಲಿ ಎರಡು ಮುಕ್ಕಾಲು ಎಂದು ಯಾರೂ ಅನ್ನುವುದಿಲ್ಲ, ಪಾವಣೆ ಮೂರು ಅನ್ನುತ್ತೇವೆ. ಅಂದರೆ ಮೂರಕ್ಕೆ ಒಂದು ಪಾವು, ಕಾಲು ಭಾಗ, ಕಡಿಮೆ. ವಿಲಾಯತಿಯವರು ಇರುವುದನ್ನು ಎಣಿಸಿದರು, ನಾವು ಇಲ್ಲದ್ದನ್ನು ಎಣಿಸಿದೆವು. ಈ ಇಲ್ಲದ ಪಾವು ನನ್ನ ಮದುವೆಗೇ ಅಡ್ಡ ಬಂತು.

ಶಹಾಪುರದ ಸಂಗಣ್ಣನವರ ಮಗಳು ನೀಲಮ್ಮನನ್ನು ನಾನು ಒಂದು ಸಲ ನೋಡಿ ಬಂದಿದ್ದೆ. ಆಮೇಲೆ ಹುಡುಗರಿಗೆ ಕೊಟ್ಟ ಲೆಕ್ಕಗಳ ಉತ್ತರ ನನಗೇ ತಪ್ಪತೊಡಗಿತು. ಸಂಗಣ್ಣನವರು ಒಂದು ಹೆಣ್ಣುಕುದುರೆ ಸಾಕಿದ್ದರು. ಜಗತ್ತನ್ನೆಲ್ಲ ಅದರ ಬೆನ್ನ ಮೇಲಿಂದಲೇ ನೋಡುತ್ತಿದ್ದರು. ಮಾತು ಮುಗಿಸಲೆಂದು ಎರಡನೆಯ ಸಲ ಗಾಡಿಯ ಮೇಲೆ ಹೋದಾಗ ಅವರು ಮೊದಲು ಕೇಳಿದ್ದು ನನ್ನ ಕುಶಲವನ್ನಲ್ಲ.

"ಎಷ್ಟು ಕುದುರಿ ಗಾಡಿರಿ ಇದು?"

"ಪಾವಣೆ ಮೂರ್ರಿ."

"ಆ ಪಾವು ಎಲ್ಲಿ ಹೋತ್ರಿ ಮಾಸ್ತರ? ಯಾದಗಿರಿ ವರಂದು ಪೂರಾ ನಾಕು ಐತಿ."

ಯಾದಗಿರಿಯಲ್ಲಿ ಇನ್ನೊಬ್ಬ ವರನಿದ್ದಾನೆಂದು ನನಗೆ ಗೊತ್ತಾದದ್ದೇ ಆಗ. ಗಾಬರಿಯಾದ ಮಾಸ್ತರ ಮಾಡುವುದನ್ನೇ ಮಾಡಿದೆ, ಪಾಠ ಶುರು ಮಾಡಿದೆ. ಈ ಅಂಕಿ ಗಾಡಿಯ ನಿಜವಾದ ಎಳೆತವಲ್ಲ, ಎಂಜಿನ್ನಿನ ಕೊಳವೆಯ ಅಗಲ ಅಳೆದು ಕಾಗದದ ಮೇಲೆ ಹಾಕಿದ ಲೆಕ್ಕ, ಒಳಗೆ ಏಳೆಂಟು ಕುದುರೆ ಇದ್ದರೂ ಇರಬಹುದು ಎಂದೆಲ್ಲ ವಿವರಿಸಿದೆ.

ಸಂಗಣ್ಣನವರು ತಾಳ್ಮೆಯಿಂದ ಕೇಳಿದರು. "ಹೊಟ್ಟಿ ಸುತ್ತಳತಿ ನೋಡಿ ಯಾರು ಕುದುರಿ ತಗೋತಾರ್ರಿ? ಏರಿನಾಗ ನೋಡಬೇಕು," ಎಂದರು. ಇಷ್ಟು ವರ್ಷ ಎಂಜಿನ್ನುಗಳ ಬಗ್ಗೆ ಓದಿದ್ದೇನೆ, ಇದಕ್ಕಿಂತ ಸರಿಯಾದ ಮಾತು ಎಲ್ಲೂ ಸಿಕ್ಕಿಲ್ಲ.

ಅವರ ಮನೆ ಗುಡ್ಡದ ಏರಿನ ತುದಿಯಲ್ಲಿತ್ತು. ಕೆಳಗಿನಿಂದ ಒಂದು ಜೋಳದ ಚೀಲ ಹೇರಿಕೊಂಡು ಮೇಲೆ ಬರಬೇಕೆಂದು ಠರಾವಾಯಿತು. ಮೊದಲರ್ಧ ಏರಿನಲ್ಲಿ ಪಾವಣೆ ಮೂರೂ ಒಟ್ಟಿಗೇ ಎಳೆದವು. ಆಮೇಲೆ ಗಾಲಿ ತಿರುಗಿಸುವ ಚರ್ಮದ ಪಟ್ಟಿ ಜಾರತೊಡಗಿತು, ಎಂಜಿನ್ನು ಕೆಮ್ಮಿತು. ನಿಂತರೆ ಸಂಬಂಧವೂ ನಿಂತಂತೆ. ನಾನು ಜಿಗಿದು ಇಳಿದೆ. ಹ್ಯಾಂಡಲ್ ಹಿಡಿದು, ನಡೆಯುತ್ತಿದ್ದ ಎಂಜಿನ್ನಿನ ಜೊತೆಗೆ ಓಡುತ್ತ ನೂಕಿದೆ. ಧೋತರದ ಚುಂಗು ಪಟ್ಟಿಗೆ ಸಿಕ್ಕಿ ಹರಿಯಿತು, ಟೋಪಿ ಹಿಂದೆ ಉಳಿಯಿತು. ಮೇಲೆ ಮುಟ್ಟಿದಾಗ ಮಾತಾಡಲು ಉಸಿರಿರಲಿಲ್ಲ.

ಸಂಗಣ್ಣನವರು ತಮ್ಮ ಕುದುರೆಯ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಬಾಗಿಲ ಮರೆಯಿಂದ ನೀಲಮ್ಮನ ದನಿ ಕೇಳಿತು.

"ಅಪ್ಪಾ, ಪಾವು ಎಲ್ಲಿ ಹೋತು ಅಂತ ಕೇಳಿದ್ಯಲ್ಲ. ಅಲ್ಲೇ ಬೆವರಕೋತ ನಿಂತೈತಿ ನೋಡು. ಅವರೂ ಸೇರಿದ್ರ ಪೂರಾ ಮೂರು."

ಸಂಗಣ್ಣನವರು ಈಗ ನನ್ನ ಕಡೆ ತಿರುಗಿದರು. "ಒಳಗ ಬರ್ರಿ, ನೀರು ಕುಡೀರಿ," ಎಂದರು. ನಾಲ್ಕು ಕುದುರೆಯವನ ಹೆಸರು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಗಾಡಿ ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ನನ್ನ ಶಕ್ತಿಯ ಬಗ್ಗೆ ನನಗೆ ಭ್ರಮೆಯಿಲ್ಲ. ಯಾವ ಸಂಸಾರವನ್ನೂ ಒಂದೇ ಪಾವು ಎಳೆಯುವುದಿಲ್ಲ, ಉಳಿದ ಪಾವಣೆ ಮೂರರಷ್ಟು ಎಳೆದವಳು ಯಾರೆಂದು ನನಗೆ ಗೊತ್ತು. ನಾನು ಮಾಡಿದ್ದು ಇಷ್ಟೇ, ಏರು ಬಂದಾಗ ಕೂತಿರಲಿಲ್ಲ.

ಇವತ್ತು ಕೂಡ ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತು, ಏದುಸಿರು ಬಿಡುತ್ತ ಮನೆ ಮುಟ್ಟಿದೆ. ಒಳಗಿನಿಂದ ನೀಲಮ್ಮ ಕೇಳಿದಳು: "ಪಾವು ಬಂತೇನ್ರಿ?"

"ಬಂತು," ಎಂದೆ.