ಕೆಂಚಣ್ಣನ ಕಲ್ಲುಗಿಡ

ಓದುಗರಿಗೆಲ್ಲ ನಮಸ್ಕಾರ. ಮೂವತ್ತು ದಾಟಿದ ಮೇಲೆ ಅಕ್ಷರ ಕಲಿತವನು ನಾನು, ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬೈಯದೆ ಯಾರನ್ನೂ ತೆಪ್ಪ ಹತ್ತಿಸಿದವರಲ್ಲ ಕೆಂಚಣ್ಣ. ಹೊಳೆನರಸೀಪುರದ ಹತ್ತಿರ ಹೇಮಾವತಿಯಲ್ಲಿ ಮೀನು ಹಿಡಿಯುತ್ತಿದ್ದರು. "ಕುಂತ್ಕಳಲಾ ನೆಟ್ಟಗೆ. ಇದೇನ್ ನಿಮ್ಮಪ್ಪನ್ ಮಂಚಾನಾ?" ಅನ್ನೋರು.

ಹೊಳೆ ನಡುವೆ ಬರೀ ಬಂಡೆಯ ಒಂದು ನಡುಗಡ್ಡೆ. ಬೇಸಿಗೆಯಲ್ಲಿ ಬರಿಗಾಲಿಡಲು ಆಗುವುದಿಲ್ಲ. ಪ್ರವಾಹ ಬಂದರೂ ನೀರು ಮುಟ್ಟದ ಅದರ ನೆತ್ತಿಯ ಬಿರುಕಿನಲ್ಲಿ ಮೊಣಕಾಲೆತ್ತರದ ಒಂದು ಗಿಡ. ಬೂದಿ ಬಣ್ಣದ ದಪ್ಪ ಎಲೆ, ಸಣ್ಣ ಹಳದಿ ಹೂವು. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಬಂಡೆಗಳಲ್ಲೂ ಹುಡುಕಿದ್ದೇನೆ, ಇನ್ನೊಂದು ಸಿಕ್ಕಿಲ್ಲ.

ಒಮ್ಮೆ ಅದರ ಬುಡಕ್ಕೆ ಬಾಟಲಿ ನೀರು ಸುರಿಯಲು ಹೋದೆ. ಕೆಂಚಣ್ಣ ಬಾಟಲಿ ಕಿತ್ತುಕೊಂಡರು.

"ಪಾಪ, ಬಾಡೈತಲ್ಲಣ್ಣ."

"ಬಾಡಿಲ್ಲ ಕಣ್ಲಾ, ಎಲೆ ಮಡಿಸ್ಕಂಡ್ ಮಲಗೈತೆ. ಮಣ್ಣು ನೀರು ಬ್ಯಾಡ ಅಂತ್ಲೇ ಕಲ್ ಮ್ಯಾಲ್ ಉಟ್ಟಿರಾದು."

ಓದು ಬರಹ ಬಂದ ಜಂಬದಲ್ಲಿ ಅದರ ಫೋಟೋ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿ, "ಅಪರೂಪದ ಗಿಡ, ಉಳಿಸೋಣ" ಎಂದು ಬರೆದೆ. ತಪ್ಪು ಶುರುವಾದದ್ದೇ ಅಲ್ಲಿ. ಸಿಮೆಂಟ್ ಅಂಗಡಿ ಶಿವಣ್ಣ ಮುಂದೆ ನಿಂತರು. ನಮ್ಮ ಕಡೆ ಮರಕ್ಕೆ ಮರ್ಯಾದೆ ಅಂದರೆ ಕಟ್ಟೆ ಕಟ್ಟುವುದು. ಕೆಂಪುಮಣ್ಣು, ಕೊಟ್ಟಿಗೆ ಗೊಬ್ಬರ, ಸಿಮೆಂಟು ಎಲ್ಲ ತೆಪ್ಪದಲ್ಲಿ ಹೋಯಿತು. ಕೆಂಚಣ್ಣ ತಮ್ಮ ತೆಪ್ಪ ಕೊಡಲಿಲ್ಲ, ಶಿವಣ್ಣ ಬೇರೆಯವರದ್ದು ತಂದರು. ಗಿಡದ ಸುತ್ತ ಕಟ್ಟೆ ಎದ್ದಿತು, ಅರಿಶಿನ ಕುಂಕುಮ ಬಿತ್ತು. ದಿನಕ್ಕೊಬ್ಬರಂತೆ ಸರದಿ ಮೇಲೆ ಎರಡು ಕೊಡ ನೀರು. ಮಂಗಳವಾರ ನನ್ನದು.

ಅಂಥದ್ದೇ ಒಂದು ಮಂಗಳವಾರ ಕೆಂಚಣ್ಣ ಬಂದು ಹೇಳಿದರು: "ಕಟ್ಟೆ ಒಡೀರಿ ಸ್ವಾಮಿ. ಅದುಕ್ಕೆ ಉಸ್ರು ಕಟ್ತಾ ಐತೆ."

ಶಿವಣ್ಣ ನಕ್ಕರು. "ಮೀನ್ ಇಡಿಯೋನು ನಮ್ಗೆ ಗಿಡ ಬೆಳೆಸೋದ್ ಏಳ್ಕೊಡ್ತಾನೆ. ಓಗೋ ಅತ್ಲಾಗೆ."

ಕೆಂಚಣ್ಣ ನನ್ನ ಮುಖ ನೋಡಿದರು. ನಾನು ಕೊಡ ಬಗ್ಗಿಸಿದೆ.

ಎರಡು ತಿಂಗಳೊಳಗೆ ಎಲೆಯೆಲ್ಲ ಉದುರಿತು. ಎಳೆದರೆ ಕೈಗೇ ಬಂತು, ಬೇರು ಕೊಳೆತು ನಾರುತ್ತಿತ್ತು. "ಗೊಬ್ರ ಕಮ್ಮಿ ಆಯ್ತೇನೋ" ಅಂದರು ಶಿವಣ್ಣ. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. ಅದಕ್ಕಿಂತ ಹೆಚ್ಚು ನನ್ನ ಮೇಲೆ ಉರಿಯುತ್ತದೆ.

ಒಣಕಲು ಕಡ್ಡಿ ಹಿಡಿದು ಕೆಂಚಣ್ಣನ ಮನೆಗೆ ಹೋದೆ. ಬಲೆ ಹೆಣೆಯುತ್ತಿದ್ದರು, ತಲೆ ಎತ್ತಲಿಲ್ಲ.

"ನನ್ ಮಾತು ಯಾರ್ ಕೇಳ್ತಾರ್ಲಾ? ನೀನು ಓದ್ದೋನು. ನೀನ್ ಏಳಿದ್ರೆ ಕೇಳೋರು."

ಆಮೇಲೆ ಅವರನ್ನು ನೋಡಲಿಲ್ಲ. ಈ ಸಲದ ಮಳೆಗೆ ಮುಂಚೆಯೇ ತೀರಿಕೊಂಡರು. ನಡುಗಡ್ಡೆ ಮೇಲೆ ಖಾಲಿ ಕಟ್ಟೆ ಹಾಗೇ ಇದೆ.

ನಿಮ್ಮೂರಲ್ಲೂ ಗೊತ್ತಿದ್ದವರ ಬಾಯಿ ಮುಚ್ಚಿಸಿ ಹೀಗೆ ಏನನ್ನಾದರೂ ಸಾಯಿಸಿದ್ದರೆ ದಯವಿಟ್ಟು ಬರೆಯಿರಿ. ಪಕ್ಕದಲ್ಲಿ ನೀವೂ ಸುಮ್ಮನೆ ನಿಂತಿದ್ದರೆ, ಅದನ್ನೂ ಬರೆಯಿರಿ.