ಒರತೆಗೆ ಕಾಲಂ ಇರಲಿಲ್ಲ

ಐವತ್ತರ ದಶಕದ ಕೊನೆಯಲ್ಲಿ ಬಿ.ಎಸ್ಸಿ. ಮುಗಿಸಿದ ನನಗೆ ಹಂಗಾಮಿ ಕೆಲಸವೊಂದು ಸಿಕ್ಕಿತ್ತು. ಕಾಲರಾ ಸುದ್ದಿ ಬಂದ ಹಳ್ಳಿಗಳಿಗೆ ಹೋಗಿ ಬಾವಿಗಳನ್ನು ಪಟ್ಟಿ ಮಾಡಿ ಬ್ಲೀಚಿಂಗ್ ಪುಡಿ ಹಾಕುವುದು. ಅಜ್ಜಂಪುರದ ಆಚೆಯ ಒಂದು ಹಳ್ಳಿಯಲ್ಲಿ ಮಧ್ಯಾಹ್ನದೊಳಗೆ ಏಳು ಬಾವಿ ಮುಗಿಸಿ, ಪಟೇಲರ ಮನೆಯಲ್ಲಿ ಉಂಡು, ಅವರ ಆಳಿನ ಜೊತೆ ಹೊರಟಿದ್ದೆ.

ಊರ ಬಾವಿ ಮುಟ್ಟುವಂತಿರದ ಕೇರಿಯವರು ಹಳ್ಳದ ಮರಳಲ್ಲಿ ತೋಡಿದ ಒರತೆಯ ನೀರು ಕುಡಿಯುತ್ತಿದ್ದರು. ಆ ಕೇರಿಯ ಹೆಂಗಸೊಬ್ಬಳು ಕೊಡ ಹೊತ್ತು ದಾರಿಯಲ್ಲಿ ನಿಂತಿದ್ದಳು. ಪಕ್ಕದಲ್ಲಿ ಸೆರಗು ಹಿಡಿದ ಪುಟ್ಟ ಮಗಳು.

"ಸ್ವಾಮಿ, ನಮ್ ಒರತೆಗೂ ಒಂದ್ ಹಿಡಿ ಹಾಕ್ಬಿಡಿ."

"ಅದು ಬಾವಿಯಲ್ಲ ಕಣಮ್ಮ. ಫಾರಂನಲ್ಲಿ ಬಾವಿಗೆ ಮಾತ್ರ ಕಾಲಂ ಇರೋದು."

"ಬಾವಿ ಮುಟ್ಟಂಗಿಲ್ಲ, ಒರತೆ ಬರ್ಕಳಂಗಿಲ್ಲ. ನಾವು ಕುಡಿಯೋದು ಏನಂತೀರಿ ಹಂಗಾರೆ?"

ಆಳು ನಕ್ಕ. "ಲೇ, ಓದಿದೋರ ಹತ್ರ ಲಾಯರ್‌ಗಿರಿ ಮಾಡ್ಬ್ಯಾಡ. ದಾರಿ ಬಿಡೇ."

ನಾನೂ ನಕ್ಕೆ.

ಡಬ್ಬಿಯಲ್ಲಿ ಅರ್ಧ ಪುಡಿ ಉಳಿದಿತ್ತು. ಒರತೆ ಬೇಡ, ಕೊಡಕ್ಕೆ ಎಷ್ಟು ಚಿಟಿಕೆ ಹಾಕಬೇಕೆಂದು ತೋರಿಸಿ ಕೊಟ್ಟಿದ್ದರೂ ಸಾಕಿತ್ತು. ಕಾಲು ಗಂಟೆಯ ಕೆಲಸ. ಬಸ್ಸು ತಪ್ಪುತ್ತದೆಂದು ನಡೆದುಬಿಟ್ಟೆ. ಹಳ್ಳ ದಾಟುವಾಗ ಬಾಯಾರಿ ಅದೇ ಒರತೆಗೆ ಬಗ್ಗಿದೆ. ಮೇಲುಗಡೆ ಎಮ್ಮೆಗಳು ನೀರಲ್ಲಿ ಮಲಗಿದ್ದವು. ಬೊಗಸೆಯ ನೀರನ್ನು ಚೆಲ್ಲಿ, ಪಂಚೆಗೆ ಕೈ ಒರೆಸಿಕೊಂಡು ಎದ್ದೆ.

ಮರುವಾರ ಮತ್ತೆ ಅಲ್ಲಿಗೇ ಕಳಿಸಿದರು. ಏಳು ಬಾವಿಯ ಮನೆಗಳಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಕೇರಿಯಲ್ಲಿ ಮಾತ್ರ ಜನ ಸತ್ತಿದ್ದರು. ಅವಳು ಗುಡಿಸಲ ಮುಂದೆ ಒಬ್ಬಳೇ ಕೂತಿದ್ದಳು. ನಾನು ಡಬ್ಬಿಯ ಮುಚ್ಚಳ ತೆಗೆದೆ.

"ಈಗ ಒರತೆ ಬಾವಿ ಆಯ್ತಾ?" ಎಂದಳು. ತನ್ನ ಸೆರಗಿನ ತುದಿ ಹಿಡಿದು, "ಕೂಸು ಹೋಯ್ತು ಕಣಪ್ಪಾ."

ವರದಿಯಲ್ಲಿ ಸಾವುಗಳನ್ನು ಊರು, ಕೇರಿ ಎಂದು ಬೇರೆ ಬೇರೆ ಬರೆಯಬೇಕಿತ್ತು. ಕಾರಣ ಎಂಬಲ್ಲಿ ನಾನು 'ಕೇರಿಯವರ ಅಶುಚಿಯಾದ ಅಭ್ಯಾಸಗಳು' ಎಂದು ಬರೆದೆ. ತರೀಕೆರೆಯಲ್ಲಿ ಅದನ್ನು ಓದಿದ ಮೇಲಧಿಕಾರಿ, ಟೇಬಲ್ ಅಚ್ಚುಕಟ್ಟಾಗಿದೆ ಎಂದರು. ನಾನು ತಿದ್ದಲಿಲ್ಲ.

ಆಗ ಚಿಕ್ಕವನು, ತಿಳಿಯಲಿಲ್ಲ ಎಂದು ಎಷ್ಟೋ ಸಲ ಹೇಳಿಕೊಂಡು ನೋಡಿದ್ದೇನೆ. ಹೇಳಿಕೊಂಡಾಗಲೆಲ್ಲ ಹಳ್ಳದಲ್ಲಿ ಬಗ್ಗಿದ್ದು ನೆನಪಾಗುತ್ತದೆ. ಬಾಯಾರಿಕೆಯಿತ್ತು, ನೀರು ಬೊಗಸೆಯಲ್ಲೇ ಇತ್ತು. ನಾನು ಕುಡಿದಿರಲಿಲ್ಲ.