ಜೋಗುಳಕ್ಕೊಂದು ಜಾಗ
ನೆಂಟರನ್ನೆಲ್ಲ ಸೋಫಾದ ಮೇಲೆ ಒತ್ತೊತ್ತಾಗಿ ಕೂರಿಸಿ, "ನೋಡ್ತಾ ಇರಿ" ಎಂದು ಭಾವ ತಮ್ಮ ಜೋಗುಳದ ವೆಬ್‌ಸೈಟನ್ನು ಟೀವಿಯಲ್ಲಿ ತೆರೆದರೆ, 'ಜನ ಹೆಚ್ಚಾಗಿದ್ದಾರೆ, ಆಮೇಲೆ ಬನ್ನಿ' ಎಂದು ಅದು ಯಜಮಾನರನ್ನೇ ಹೊರಗಟ್ಟಿತು. ಅಂದಿನಿಂದ ಸೈಟಿಗೆ ಜಾಗ ಕೊಡುವ ಹೊಸ ಹೋಸ್ಟಿಂಗ್ ಕಂಪನಿ ಹುಡುಕುವುದೇ ಅವರ ಕಸುಬು. ಮಕ್ಕಳು ಮಲಗುವ ಹೊತ್ತಿಗೆ ಊರೂರಿನ ಅಪ್ಪ ಅಮ್ಮಂದಿರು ಒಟ್ಟಿಗೇ ಹಾಡು ಡೌನ್‌ಲೋಡ್ ಮಾಡಲು ಬರುತ್ತಾರೆ. ಸರ್ವರೂ ಮುಗಿಬಿದ್ದರೆ ಸರ್ವರ್ ಬೀಳದೆ ಇನ್ನೇನಾದೀತು? ಭಾವ ಒಂದೊಂದು ಕಂಪನಿಗೂ ಫೋನ್ ಮಾಡಿ, ಆಯಾಳನ್ನು ಕೆಲಸಕ್ಕಿಟ್ಟುಕೊಳ್ಳುವವರಂತೆ ವಿಚಾರಿಸುತ್ತಾರೆ: "ಅನ್‌ಲಿಮಿಟೆಡ್ ಅಂತೀರಲ್ಲ, ಸಾವಿರ ಮಕ್ಕಳು ಒಂದೇ ಸಲ ಅತ್ತರೆ ಏನ್ಮಾಡ್ತೀರಿ?" ಆ ಕಡೆಯವರಿಗೇ ಅಳು ಬರುತ್ತದೆ. "ಸಾಕು ಬಿಡ್ರೀ, ಫೋನಲ್ಲಿರೋ ಆ ಹುಡುಗಿ ಊಟಕ್ಕಾದ್ರೂ ಹೋಗ್ಲಿ" ಎಂದು ಅಕ್ಕ ಪಿಸುಗುಡುತ್ತಾಳೆ. ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ಉಳಿದಿರುವುದು ಪಿಸುಮಾತಷ್ಟೇ. ಸೈಟಿನ ಹಾಡುಗಳೆಲ್ಲ ಅದಕ್ಕೂ ಮುಂಚಿನ ಅವಳ ದನಿ. ಆ ದನಿ ಒಂದು ಸಂಜೆಯೂ ನಿಲ್ಲಬಾರದೆಂದು ಭಾವನ ಹಟ. ಕೊನೆಗೂ ಒಂದು ಕಂಪನಿ ಸಿಕ್ಕಿತು. ಸೈಟು ಆಮೇಲೆ ಬಿದ್ದೇ ಇಲ್ಲ. "ಏನು ನೋಡಿ ಆರಿಸಿದ್ರಿ ಭಾವ, ಬ್ಯಾಂಡ್‌ವಿಡ್ತಾ?" ಎಂದೆ. "ಅದೆಲ್ಲ ಯಾರು ನೋಡಿದ್ರೋ! ಅವರು ಹೋಲ್ಡ್‌ನಲ್ಲಿ ಇಟ್ಟಿದ್ರು, ಮ್ಯೂಸಿಕ್ ಕೇಳ್ತಾ ನಿದ್ದೆ ಹೋಗ್ಬಿಟ್ಟೆ. ಎದ್ದಾಗಲೂ ಲೈನ್ ಕಟ್ ಆಗಿರ್ಲಿಲ್ಲ."